ಅಪ್ಪ ಆರಿಸಿದ ಕಂಪ್ಯೂಟರ್

ಮನೆಯ ಕಂಪ್ಯೂಟರ್ ಕೆಟ್ಟು ಕೂತಾಗ, ಕಡಿಮೆ ಬೆಲೆಯ ಇನ್ನೊಂದನ್ನು ನೋಡಲು ಅಪ್ಪನ ಜೊತೆ ಅಂಗಡಿಗೆ ಹೋದೆ. ನಾನಾಗ ಹೈದರಾಬಾದಿನ ಅಮೀರ್‌ಪೇಟದಲ್ಲಿ ಸಾಫ್ಟ್‌ವೇರ್ ಕಲಿಸುತ್ತಿದ್ದೆ. ನನ್ನ ಮಾತನ್ನು ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಪ್ರತಿಯೊಂದು ಕಂಪ್ಯೂಟರಿನಲ್ಲೂ ಇಂಟರ್ನೆಟ್ಟಿನಲ್ಲಿ ನಮ್ಮೂರ ಕಡೆಯ ಕನ್ನಡ ಪೇಪರ್ ತೆಗೆಸಿ ನೋಡುತ್ತಿದ್ದರು. ನಾನು ಮೆಚ್ಚಿದ ಹೊಸದರಲ್ಲಿ ಅಕ್ಷರಗಳ ಬದಲು ಬರೀ ಚೌಕಗಳು ಬಂದವು.

"ಕನ್ನಡ ಫಾಂಟ್ ಹಾಕಿದ್ರ ಬರ್ತಾವಪ್ಪಾ" ಎಂದೆ.

"ಹಾಕೂದ್ಯಾಕ? ಇದರಾಗ ಬರಾಕತ್ತಾವಲ್ಲ" ಎನ್ನುತ್ತ ಮೂಲೆಯಲ್ಲಿದ್ದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ ನಿಧನ ವಾರ್ತೆ ಓದತೊಡಗಿದರು. ಸಿಟ್ಟು ಬಂದರೂ ಅದನ್ನೇ ತಂದೆವು.

ಅಚ್ಚಾದ ಆ ಪೇಪರ್ ಹೈದರಾಬಾದಿಗೆ ಒಂದು ದಿನ ತಡವಾಗಿ ಬರುತ್ತಿತ್ತು. ಅದನ್ನು ಓದಿ ಬಸ್ ಹತ್ತಿದರೆ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹಾಗೆ ಎಷ್ಟೋ ಗೆಳೆಯರ ಮಣ್ಣಿಗೆ ಹೋಗುವುದು ಅಪ್ಪನಿಗೆ ತಪ್ಪಿತ್ತು.

ಕಂಪ್ಯೂಟರ್ ತಂದ ಮರುದಿನ ನಸುಕಿಗೇ ಅಪ್ಪ ಊರಿಗೆ ಹೋಗುವಾಗಿನ ಅಂಗಿ ತೊಟ್ಟು, ಕೈಚೀಲವನ್ನು ಬಾಗಿಲ ಬಳಿ ಇಟ್ಟು ಅದರ ಮುಂದೆ ಕೂತರು. ನಿಧನ ವಾರ್ತೆಯ ಪುಟವನ್ನು ಕೊನೆತನಕ ಓದಿದರು. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅವ್ವನಿಗೆ ಹೇಳಿದರು:

"ಇವತ್ತ ಎಲ್ಲಾರೂ ಅದಾರ. ಚಹಾ ಇಡು."