ಅಣ್ಣನ ನೆತ್ತಿಯ ಮೇಲಿನ ಮನೆ

ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ ಬಾಡಿಗೆಗೆ ಒಂದು ಗೂಡೂ ಸಿಗದಿದ್ದ ಡಾಟ್‌ಕಾಮ್ ಕಾಲದಲ್ಲಿ ನಾನೊಂದು ಅಪಾರ್ಟ್‌ಮೆಂಟು ಗಿಟ್ಟಿಸಿದೆ. ನನಗಲ್ಲ, ಕೆಳಮನೆಯ ಹಿರಿಯರ ತಂಗಿಗೆ. ಆ ಹಿರಿಯರು ಮೈಕ್ರೋನೇಷ್ಯಾದ ಚೂಕ್ ದ್ವೀಪದವರು. ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಹೋಗಿತ್ತು, ಡಯಾಲಿಸಿಸ್ ನಡೆದಿತ್ತು. ರಾತ್ರಿ ಹೊತ್ತು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಒಬ್ಬರು ಬೇಕಿತ್ತು. ಅದಕ್ಕೇ ತಂಗಿ ಊರಿನಿಂದ ಹೊರಟಿದ್ದರು. ಬೆಳೆದ ಅಣ್ಣತಂಗಿ ಒಂದೇ ಸೂರಿನಡಿ ಮಲಗುವುದು ಅವರಲ್ಲಿಲ್ಲ; ಬೇರೆ ಮನೆಯೇ ಆಗಬೇಕು. ಅಷ್ಟರಲ್ಲಿ ಸರಿಯಾಗಿ ಅಣ್ಣನ ನೆತ್ತಿಯ ಮೇಲಿನ ಮನೆ ಖಾಲಿಯಾಯಿತು. ನಾನು ಯಾರಿಗೂ ಹೇಳದೆ, ಮ್ಯಾನೇಜರಿಗೆ ಹೆಂಡತಿಯ ಕೈಯ ನೀರುದೋಸೆ ತಿನ್ನಿಸಿ ಬೀಗದ ಕೈ ತಂದೆ. ವಿಶ್ವಸಂಸ್ಥೆಯ ಕೆಲಸ ಮುಗಿಸಿ ಬಂದವನ ಗಾಂಭೀರ್ಯ ನನ್ನಲ್ಲಿತ್ತು.

ತಂಗಿ ಬಂದರು. ತಲೆ ನರೆತ ಹೆಂಗಸು. ವೀಲ್‌ಚೇರಿನಲ್ಲಿದ್ದ ಅಣ್ಣನ ಮುಂದೆ ಸೊಂಟದಿಂದ ಬಗ್ಗಿಕೊಂಡೇ ದಾಟಿದರು. ಪ್ರಯಾಣದ ಬೆನ್ನುನೋವು ಎಂದುಕೊಂಡೆ. ಬೀಗದ ಕೈ ಕೊಟ್ಟು ಮೆಟ್ಟಿಲು ತೋರಿಸಿದೆ. ಆಕೆ ಚಾವಣಿ ನೋಡಿ ನೆಲ ನೋಡಿದರು.

"ಮೇಲಿನದಾ?" ಎಂದರು ಅಣ್ಣ.

"ಗಾಳಿ ಬೆಳಕು ಚೆನ್ನಾಗಿದೆ."

"ತಂಗಿ ತಲೆ ಅಣ್ಣನ ತಲೆಗಿಂತ ಮೇಲಿರಬಾರದು, ಬ್ರದರ್. ಕುಲ ಅವಳದು, ಜಮೀನು ಅವಳದು. ಆದರೂ ನಾನು ಕೂತಿದ್ದರೆ ಅವಳು ಬಗ್ಗಿಯೇ ನಡೀಬೇಕು."

ಕುಲ, ಜಮೀನು ತಾಯಿಯ ಕಡೆಯಿಂದ ಬರುವುದು ತುಳುನಾಡಿನ ಅಳಿಯಕಟ್ಟಿನಲ್ಲಿ ಬೆಳೆದ ನನಗೆ ಹೊಸದಲ್ಲ. ಈ ಬಗ್ಗುವುದು ಹೊಸದು. ಇದು ಅಮೆರಿಕವಲ್ಲವೇ ಎಂಬ ಘನವಾದ ವಾದ ಮಂಡಿಸಿದೆ.

ಅವರು ನಕ್ಕರು. "ಸ್ಪೇನಿನವರು ಬಂದರು, ಜರ್ಮನರು ಬಂದರು, ಜಪಾನಿನವರು ಬಂದರು. ಆಮೇಲೆ ಅಮೆರಿಕವೇ ನಮ್ಮಲ್ಲಿಗೆ ಬಂತು. ಇದನ್ನು ಮಾತ್ರ ಯಾರೂ ಅಲ್ಲಾಡಿಸಲಿಲ್ಲ."

ಮನೆ ಅದಲುಬದಲು ಮಾಡೋಣವೆಂದರೆ ವೀಲ್‌ಚೇರು ಮೆಟ್ಟಿಲು ಹತ್ತದು. ನನ್ನದೂ ಮಹಡಿ ಮನೆ. ಪಕ್ಕದ ಕೆಳಮನೆಯ ಬೆಂಗಳೂರಿನ ಪ್ರೋಗ್ರಾಮರ್ ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಮೇಜಿನಡಿಯೇ ಮಲಗುತ್ತಿದ್ದ. ಮನೆಯಲ್ಲಿ ವಾಸವಿದ್ದದ್ದು ಅವನ ಸೈಕಲ್ಲು. ಮೇಲಿನ ಮನೆಗೆ ಹೋಗುತ್ತೀಯಾ ಎಂದು ಕೇಳಿದೆ.

"ಶಿಫ್ಟ್ ಮಾಡಕ್ಕೆ ಟೈಮೆಲ್ಲಿದೆ ಸಾರ್? ಐಪಿಓ ಆಗ್ಲಿ, ನೋಡೋಣ."

"ಮೊದಲೇ ಆ ಹಿರಿಯರ ಹತ್ರ ಒಂದು ಮಾತು ಕೇಳ್ಲಿಕ್ಕೆ ಏನಾಗಿತ್ತು ಮಾರಾಯ್ರೆ?" ಎಂದಳು ಹೆಂಡತಿ. "ದೋಸೆ ಹೊಯ್ದದ್ದೇ ಬಂತು."

ಕೊನೆಗೆ ತಂಗಿ ಓಕ್ಲ್ಯಾಂಡಿನಲ್ಲಿದ್ದ ಕುಲದವರ ಮನೆ ಸೇರಿದರು. ಬೆಳಿಗ್ಗೆ ರೈಲು, ಬಸ್ಸು ಹಿಡಿದು ಬಂದು ಸಂಜೆ ಹೊರಡುವರು. ರಾತ್ರಿಗೆ ಅಣ್ಣ ಮತ್ತೆ ಒಬ್ಬರೇ. ಮೇಲಿನ ಮನೆಗೆ ಯಾರೋ ಬಂದು ಬೂಟುಗಾಲಲ್ಲಿ ಓಡಾಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅಣ್ಣನ ಪಕ್ಕ ಕೂತಿದ್ದೆ. ಅವರೆಂದರು: "ಊರಲ್ಲಿ ಇವಳು ಬಂದಾಗ ನಾನು ಎದ್ದು ನಿಂತುಬಿಡ್ತಿದ್ದೆ. ನಾನು ನಿಂತರೆ ಅವಳು ನೆಟ್ಟಗೆ ನಡೀಬಹುದು."

ಆಗಲೇ ತಂಗಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅಣ್ಣ ವೀಲ್‌ಚೇರಿನ ಕೈಗಳನ್ನು ಒತ್ತಿ ಹಿಡಿದು ಮೇಲೇಳಲು ನೋಡಿದರು. ಮತ್ತೆ ಕುಸಿದು ಕೂತರು. ಆಕೆ ಬಗ್ಗಿದರು, ತಟ್ಟೆಯನ್ನು ನೆಲದ ಹತ್ತಿರವೇ ಹಿಡಿದುಕೊಂಡು ಬಂದರು.

ಏನು ಮಾಡಬೇಕೆಂದು ತೋಚದೆ ನಾನು ಎದ್ದು ನಿಂತೆ. ಅದರಿಂದ ಏನೂ ಆಗಲಿಲ್ಲ.