ನಲವತ್ತೊಂದನೇ ತಟ್ಟೆಯ ಚಿಪ್ಪುಗಳು

ಕಡಲತಳದ ಕೆಸರಿಗೆ ವಯಸ್ಸು ಹೇಳುವ ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅಳತೆಯಕ್ಕ ಎಂದೇ ಕರೆಯುತ್ತಿದ್ದರು, ಮುಖ್ಯಸ್ಥರು ಕೂಡ. ಇಪ್ಪತ್ತೇಳು ವರ್ಷದಿಂದ ಕಿಟಕಿ ಪಕ್ಕದ ಅದೇ ಮೇಜು, ಅದೇ ಸೂಕ್ಷ್ಮದರ್ಶಕ.

ಹಡಗಿನವರು ಕಡಲತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಕೆಸರಿನ ಕಂಬವನ್ನೇ ಎತ್ತಿ ತರುತ್ತಿದ್ದರು. ಅದನ್ನು ಗೇಣಿಗೊಂದರಂತೆ ಕತ್ತರಿಸಿ ತೊಳೆಯುವುದು ಜರಡಿಯಣ್ಣನ ಕೆಲಸ. ತೊಳೆದ ಮೇಲೆ ಮರಳಿನಂಥ ಪುಟ್ಟ ಚಿಪ್ಪುಗಳು ಉಳಿಯುತ್ತಿದ್ದವು; ಅವನ್ನು ತುಂಡಿಗೊಂದು ತಟ್ಟೆಯಂತೆ ಹಾಕಿ, ಮೇಲಿನಿಂದ ಕೆಳಕ್ಕೆ ಸಂಖ್ಯೆಯ ಚೀಟಿ ಅಂಟಿಸುತ್ತಿದ್ದ. ಎಂದೋ ನೀರಿನಲ್ಲಿ ತೇಲುತ್ತಾ ಬದುಕಿ, ಸತ್ತು ತಳ ಸೇರಿದ ಜೀವಿಗಳ ಚಿಪ್ಪುಗಳವು. ಅವುಗಳಲ್ಲಿ ಒಂದು ಜಾತಿಯದು ಹಿಂದೆ ದುಂಡಗಿತ್ತು. ಲಕ್ಷಾಂತರ ವರ್ಷ ಕಳೆದಂತೆ ಚಪ್ಪಟೆಯಾಗುತ್ತಾ ಬಂತು. ತಟ್ಟೆಗೆ ಇನ್ನೂರರಂತೆ ಚಿಪ್ಪುಗಳ ಅಗಲ, ದಪ್ಪ ಅಳೆದು ಸರಾಸರಿ ತೆಗೆದರೆ ಆ ಪದರ ಎಷ್ಟು ಹಳೆಯದೆಂದು ತಿಳಿಯುತ್ತಿತ್ತು. ಒದ್ದೆ ಕುಂಚದ ತುದಿಯಿಂದ ಚಿಪ್ಪುಗಳನ್ನು ಹೊರಳಿಸುತ್ತಾ ಅಳತೆಯಕ್ಕ ಮುಖ್ಯಸ್ಥರನ್ನೇ ಛೇಡಿಸುತ್ತಿದ್ದಳು: "ಇವಕ್ಕೆ ಹೊಟ್ಟೆ ಕರಗೋಕೆ ಹತ್ತು ಲಕ್ಷ ವರ್ಷ ಹಿಡೀತು ಸರ್. ನಿಮ್ಮದು ಒಂದೇ ತಿಂಗಳಲ್ಲಿ ಕರಗಬೇಕು ಅಂದ್ರೆ ಹೇಗೆ?"

ಅವಳ ಕಣ್ಣು ತಪ್ಪುವುದಿಲ್ಲ ಎಂಬುದು ಅಲ್ಲಿ ಮನೆಮಾತಾಗಿತ್ತು. ಐವತ್ತನಾಲ್ಕು ದಾಟುವ ಹೊತ್ತಿಗೆ ಆ ಕಣ್ಣಿಗೆ ಪೊರೆ ಕಟ್ಟತೊಡಗಿತು. ಒಂದು ಬೆಳಿಗ್ಗೆ ಲೋಟದ ಪಕ್ಕಕ್ಕೆ ಚಹಾ ಸುರಿದಾಗ ಬಸ್ ಓಡಿಸಿ ನಿವೃತ್ತನಾಗಿದ್ದ ಗಂಡ ಮೇಜು ಒರೆಸುತ್ತಾ, "ಡಾಕ್ಟ್ರಿಗೆ ತೋರಿಸ್ಕೊಳೇ" ಎಂದ. "ಬೆಳಕು ಸಾಲ್ದು ಅಷ್ಟೇ" ಎಂದು ಅವಳು ಮಾತು ಹಾರಿಸಿದಳು. ಕಚೇರಿಯಲ್ಲಂತೂ ತುಟಿ ಬಿಚ್ಚಲಿಲ್ಲ.

ಹೊಸ ಕಂಬದ ತಟ್ಟೆಗಳಲ್ಲಿ ಕೊನೆಗೆ ಉಳಿದದ್ದು ನಲವತ್ತೊಂದನೆಯದು. ಮೇಲಿನ ನಲವತ್ತು, ಕೆಳಗಿನ ನಲವತ್ತೆರಡು, ಎರಡರಲ್ಲೂ ಚಿಪ್ಪುಗಳು ಚಪ್ಪಟೆಯಾಗಿದ್ದವು. ಇದರಲ್ಲಿ ಮಾತ್ರ ಮೊದಲ ಐವತ್ತೂ ಕಡಲೆಕಾಳಿನ ಹಾಗೆ ದುಂಡಗೆ ಕಂಡವು. ನಡುವಿನ ಪದರ ಕೆಳಗಿನದಕ್ಕಿಂತ ಹಳೆಯದಾಗಿರಲು ಹೇಗೆ ಸಾಧ್ಯ? ಅಂಚುಗಳೇ ಮಸುಕು. ತನ್ನ ಕಣ್ಣೇ ಕೈಕೊಟ್ಟಿತೆಂದುಕೊಂಡಳು. ಯಾರನ್ನಾದರೂ ಕರೆದು ತೋರಿಸಿದರೆ ಗುಟ್ಟು ರಟ್ಟಾಗುತ್ತಿತ್ತು. ಬರೆದಿದ್ದ ಐವತ್ತರ ಅಳತೆಯನ್ನೂ ಅಳಿಸಿದಳು. ಅಕ್ಕಪಕ್ಕದ ತಟ್ಟೆಗಳ ಅಂಕಿ ನೋಡಿಕೊಂಡು, ನಿಜವೆನಿಸುವಂತೆ ಅಲ್ಲೊಂದು ಹೆಚ್ಚು ಇಲ್ಲೊಂದು ಕಡಿಮೆ ಮಾಡಿ ಇನ್ನೂರು ಜೊತೆ ಅಂಕಿ ಬರೆದಳು. ಒಂದು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು.

ಅದೇ ಕಂಬವನ್ನು ಉದ್ದಕ್ಕೆ ಸೀಳಿದ ಇನ್ನರ್ಧ ಬೇರೊಂದು ಪ್ರಯೋಗಾಲಯಕ್ಕೆ ಹೋಗಿತ್ತು. ಐದು ತಿಂಗಳ ನಂತರ ಅಲ್ಲಿಂದ ಪತ್ರ ಬಂತು: ಹಿಂದೊಮ್ಮೆ ಕಡಲೊಳಗೆ ಇಳಿಜಾರು ಕುಸಿದು, ಹಳೆಯ ಕೆಸರು ಹೊಸದರ ಮೇಲೆ ಬಂದು ಕೂತಿದೆ, ನಿಮ್ಮ ನಲವತ್ತೊಂದರಲ್ಲಿ ಅದು ಕಾಣಲಿಲ್ಲವೇ? ಮುಖ್ಯಸ್ಥರು ತಟ್ಟೆ ತರಿಸಿ ತಾವೇ ನೋಡಿದರು. ಚಿಪ್ಪುಗಳೆಲ್ಲ ದುಂಡು ದುಂಡು.

ಅಳತೆಯಕ್ಕನಿಗೆ ಈಗ ತಿಳಿಯಿತು. ಅವತ್ತು ಕಣ್ಣು ಸರಿಯಾಗಿಯೇ ಕಂಡಿತ್ತು. ತಪ್ಪಿದ್ದು ತಾನು.

"ಅಕ್ಕ ಅಳತೆ ತಪ್ಪೋರಲ್ಲ. ಅವತ್ತು ಅವರ ಮುಂದೆ ಬಂದ ತಟ್ಟೆನೇ ಬೇರೆ ಇರ್ಬೇಕು, ಚೀಟಿ ಆಮೇಲೆ ಸರಿಹೋಗಿರ್ಬೇಕು," ಎಂದ ಮುಖ್ಯಸ್ಥರು ಜರಡಿಯಣ್ಣನ ಕಡೆ ತಿರುಗಿದರು. ಹಿಂದೊಮ್ಮೆ ಅವನು ಚೀಟಿ ಅದಲುಬದಲು ಮಾಡಿದ್ದುಂಟು. ಅವನು ತಲೆ ಕೆರೆದುಕೊಂಡ. "ಇರಬಹುದು ಸರ್. ಚೀಟಿ ಅಂಟಿಸೋವಾಗ ಎಲ್ಲೋ ಎಡವಟ್ಟು ಮಾಡಿರ್ಬೇಕು."

ಅವಳು ಬಾಯಿ ತೆರೆಯಲಿಲ್ಲ. ಮರುದಿನದಿಂದ ಅವನಿಗೆ ಉಗ್ರಾಣದಲ್ಲಿ ಖಾಲಿ ಸೀಸೆ ಜೋಡಿಸುವ ಕೆಲಸ. ಸಂಜೆ ಅವನು ಅವಳ ಮೇಜಿನ ಹತ್ತಿರ ಬಂದು ಕೈಕಟ್ಟಿ ನಿಂತ. "ಅಕ್ಕಾ, ನನ್ನ ದೆಸೆಯಿಂದ ನಿಮ್ಮ ಅಳತೆಗೆ ಕೆಟ್ಟ ಹೆಸರು ಬಂತು. ಮನಸ್ಸಿಗೆ ಹಚ್ಕೋಬೇಡಿ." ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತದೆ "ಹೂಂ" ಎಂದಳು. ದೀಪವನ್ನೇ ಹಾಕಿರಲಿಲ್ಲ. ಅವಳು ನೋಡುತ್ತಿದ್ದದ್ದು ಬರೀ ಕತ್ತಲು.

ಆ ಒಂದು ‘ಹೂಂ’ ಎಂಬುದೇ ಅವಳನ್ನು ತಿಂದುಹಾಕಿತು. ಉಗ್ರಾಣದ ಮುಂದೆ ಹಾದುಹೋಗುವುದು ತಪ್ಪಲೆಂದು ಕಚೇರಿಯ ಹಿಂಬಾಗಿಲಿನಿಂದ ಓಡಾಡತೊಡಗಿದಳು. ಹದಿನೇಳನೆಯ ದಿನ ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. "ನನ್ ಹತ್ರ ಅತ್ರೆ ಅವನಿಗೇನು ಬಂತು?" ಎಂದು ಎದ್ದುಹೋದ.

ಸೋಮವಾರದ ಸಭೆಗೆ ಜರಡಿಯಣ್ಣನನ್ನೂ ಕರೆಸಿರೆಂದು ಅವಳೇ ಕೇಳಿಕೊಂಡಳು. ಎದ್ದು ನಿಂತಳು. ಸಿದ್ಧಮಾಡಿಕೊಂಡಿದ್ದ ಮಾತು ಒಂದೂ ಬರಲಿಲ್ಲ. "ಚೀಟಿ ಸರಿಯಾಗೇ ಇತ್ತು. ಅಂಕಿ ನಾನು ಸುಳ್ಳು ಬರೆದೆ. ನನಗೆ ಕಣ್ಣು ಕಾಣ್ತಿಲ್ಲ," ಎಂದಳು.

ಮುಖ್ಯಸ್ಥರು ಕೇಳಿದರು, "ಒಂದನ್ನೂ ಅಳೀಲಿಲ್ವಾ?"

"ಐವತ್ತು ಅಳೆದೆ. ದುಂಡಗಿದ್ವು. ಅಳಿಸಿಬಿಟ್ಟೆ."

"ಅಂದ್ರೆ ಪತ್ರ ಬರೆದವರಿಗಿಂತ ಮೊದಲು ನೀವೇ ಕಂಡಿದ್ರಿ," ಎಂದು ಅವರು ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಜರಡಿಯಣ್ಣ ಯಾರ ಮುಖವನ್ನೂ ನೋಡದೆ ಹೊರಗೆ ನಡೆದ.

ಅವನಿಗೆ ತೊಳೆಯುವ ಕೋಣೆ ಮರಳಿ ಸಿಕ್ಕಿತು. ತಪ್ಪು ತಿದ್ದಿದ ವರದಿಯಲ್ಲಿ ಅವನ ದೋಷವಿಲ್ಲವೆಂದು ಬರೆಯಿಸಿದವಳು ಅವಳೇ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲಸಕ್ಕೆ ಬಂದಳು; ಅಂದಿನಿಂದ ಅವಳ ಒಂದೊಂದು ತಟ್ಟೆಯನ್ನೂ ಇನ್ನೊಬ್ಬರು ಅಳೆದು ನೋಡುತ್ತಿದ್ದರು.

ಒಂದು ಭಾನುವಾರ ಜರಡಿಯಣ್ಣನ ಮನೆಗೆ ಹೋದಳು. ಹೆಂಡತಿ ಬಾಗಿಲನ್ನು ಅರ್ಧ ತೆರೆದು, "ಅವರು ಇಲ್ಲ" ಎಂದಳು. ಒಳಗೆ ಯಾರೋ ಕೆಮ್ಮಿದರು. ಹೆಂಡತಿಯ ಮುಖ ಕೆಂಪಾಯಿತು.

ಅಳತೆಯಕ್ಕ ಹೊಸ್ತಿಲಾಚೆಯೇ ನಿಂತು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ಅವತ್ತು ನೀವು ಬಂದು ಕ್ಷಮೆ ಕೇಳಿದಾಗ ನಾನು ಹೂಂ ಅಂದುಬಿಟ್ಟೆ. ಸುಳ್ಳು ಅಂಕಿಗಿಂತ ಅದು ದೊಡ್ಡ ತಪ್ಪು. ಇಷ್ಟೇ ಹೇಳೋಕೆ ಬಂದೆ."

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅವಳು ಕದಲಲಿಲ್ಲ. ಕೊನೆಗೆ ಒಳಗಿನಿಂದ ದನಿ ಬಂತು.

"ಕೇಳಿಸ್ತು. ಹೋಗಿ ಬನ್ನಿ."

ಹೋಗು ಎಂದದ್ದೋ, ಮತ್ತೆ ಬಾ ಎಂದದ್ದೋ ತಿಳಿಯದೆ, ತಲೆ ತಗ್ಗಿಸಿ ಮೆಟ್ಟಿಲಿಳಿದಳು.