ಮೀನಿಗೆ ಕಟ್ಟಿದ ಉಂಡಿ

ನಮ್ಮ ಮಾವ ಮೀನು ಹಿಡಿಯುತ್ತಿದ್ದರು. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಈಗಲೂ ಬರೆದಾದ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿದೆ, ಅತ್ತೆ ಬಾಗಿಲಲ್ಲಿ ನಿಂತಿದ್ದಾರೇನೋ ಅಂತ.

ನಾನು ಸೊಸೆಯಾಗಿ ಕಾಲಿಟ್ಟ ಮನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿತ್ತು. ಎಂಥ ಮನೆ ಅಂತೀರಿ! ಲಿಂಗಪೂಜೆ ಆಗದೆ ಯಾರ ಬಾಯಿಗೂ ಒಂದು ಗುಟುಕು ಚಹಾ ಬೀಳುವಂತಿರಲಿಲ್ಲ. ಹಿಂದಿನ ಬೀದಿಯಲ್ಲಿ ಯಾರೋ ಮೊಟ್ಟೆ ಒಡೆದರೆ ನಮ್ಮ ಅತ್ತೆಗೆ ಇಲ್ಲಿ ತಲೆನೋವು ಬರುತ್ತಿತ್ತು. ಮಾವ ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟವರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಬಿಳಿ ಪಂಚೆ, ಮಾತು ಕಮ್ಮಿ. ಅವರು ಹಾಲ್‌ಗೆ ಬಂದರೆ ನಾನು ಸೆರಗು ಹೊದ್ದುಕೊಂಡು ಒಳಗೆ ಸರಿಯುತ್ತಿದ್ದೆ. ಭಾನುವಾರ ಬೆಳಗ್ಗೆ ಮಾತ್ರ ಮಳೆಯಿರಲಿ ಬಿಸಿಲಿರಲಿ ಕೊಡೆಯ ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಹತ್ತುತ್ತಿದ್ದರು. ಹರಿಹರದ ದೇವರ ದರ್ಶನ ಅಂತ ಹೇಳಿ ಹೋದವರು ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತಿದ್ದರು. ಎಷ್ಟು ಭಕ್ತಿ ನೋಡು ಅಂತ ಅತ್ತೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಮದುವೆಯಾದ ವರ್ಷವೇ ಒಂದು ಸೋಮವಾರ ಮಾವನ ಅಂಗಿ ಒಗೆಯುವಾಗ ತೋಳಿನ ಮಡಿಕೆಯಲ್ಲಿ ಏನೋ ಮಿಣಕ್ ಅಂದಿತು. ಬೇರೆ ಯಾರಾದರೂ ಆಗಿದ್ದರೆ ಸೀರೆಯ ಚಮಕಿ ಅಂದುಕೊಳ್ಳುತ್ತಿದ್ದರು. ನಾನು ಹರಿಹರದವಳು, ಹೊಳೆದಂಡೆಗೆ ಹತ್ತಿರದ ಓಣಿಯಲ್ಲಿ ಬೆಳೆದವಳು. ಮೀನಿನ ಸಿಪ್ಪೆ ನನಗೆ ಗೊತ್ತಾಗದೇ ಇರುತ್ತದೆಯೇ? ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದೆ. ಹಿತ್ತಿಲ ಬಾಗಿಲಿಗೆ ಬಂದ ಮಾವ ನನ್ನ ಬೆರಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನಿಮ್ಮತ್ತಿಗೆ ಹೇಳಬ್ಯಾಡವ್ವ," ಅಂದರು. "ತಿನ್ನಲ್ಲ ನಾನು. ಲಿಂಗದಾಣೆ. ಹಿಡೀತೀನಿ, ವಾಪಸ್ ಬಿಡ್ತೀನಿ."

ಅಷ್ಟು ದೊಡ್ಡ ಮನುಷ್ಯ ಸೊಸೆಯ ಮುಂದೆ ಬೈಸಿಕೊಂಡ ಹುಡುಗನ ಹಾಗೆ ನಿಂತದ್ದು ನೋಡಿ ನನಗೇ ನಾಚಿಕೆಯಾಯಿತು. ಹೂಂ ಅಂದುಬಿಟ್ಟೆ. ಹೂಂ ಅಂದದ್ದೇ ತಡ, ನಾನು ಅವರ ಗುಂಪಿಗೆ ಸೇರಿದ ಹಾಗಾಯಿತು. ಕೊಡೆಯ ಚೀಲದಲ್ಲಿ ಕೊಡೆಯೇ ಇರಲಿಲ್ಲ, ಮೂರು ತುಂಡಾಗಿ ಬಿಚ್ಚುವ ಗಾಳದ ಕೋಲಿತ್ತು. ಎರೆಹುಳ ಚುಚ್ಚುವುದು ಮಾವನ ಕೈಲಿ ಆಗದ ಮಾತು, ಜೀವ ತೆಗೆದ ಹಾಗೆ ಅನ್ನುತ್ತಿದ್ದರು. ಹಾಗಾಗಿ ಅವರದು ಹಿಟ್ಟಿನ ಗಾಳ. ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಇದೆಯಲ್ಲ, ದನಕ್ಕೆ ಇಡುವುದು, ಅದನ್ನು ಎಣ್ಣೆ ಮಿಲ್ಲಿನಿಂದ ತಂದು ಕುಟ್ಟಿ, ಗೋಧಿಹಿಟ್ಟು, ಬೆಲ್ಲ, ಒಂದು ಚೂರು ಇಂಗು ಹಾಕಿ ನಾದಿ ಉಂಡೆ ಕಟ್ಟಬೇಕು. ಅದನ್ನು ಇಷ್ಟು ದಿನ ಅಂಗಡಿಯ ಹಿಂದೆ ಕದ್ದು ಮಾಡುತ್ತಿದ್ದರಂತೆ. ನೀರಿಗೆ ಬಿದ್ದ ಕೂಡಲೇ ಒಡೆದು ಹೋಗುತ್ತದೆ ಅಂತ ಅಳಲು ಬೇರೆ. ಹೋಗದೇ ಇರುತ್ತದೆಯೇ, ಜನ್ಮದಲ್ಲಿ ಒಮ್ಮೆಯಾದರೂ ಹಿಟ್ಟು ನಾದಿದ ಕೈಯಲ್ಲವಲ್ಲ!

ಶನಿವಾರ ಅತ್ತೆ ಮಲಗಿದ ಹೊತ್ತಿಗೆ ನಾನು ನಾದಿಕೊಡತೊಡಗಿದೆ. ಹದ ಬಂತೇನು ಅಂತ ನೋಡುವ ನೆಪದಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಾವ ಮಾತಾಡುತ್ತಿದ್ದರು. ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಮಾತಾಡುವವರು ಮೀನಿನ ವಿಷಯ ಬಂದರೆ ನಿಲ್ಲಿಸುತ್ತಲೇ ಇರಲಿಲ್ಲ.

"ಕಿವಿಹಾಲೆ ಮುಟ್ಟಿ ನೋಡ್ಕೋ, ಹಿಟ್ಟು ಅಷ್ಟು ಮೆತ್ತಗಿರಬೇಕು. ನೆರಳು ನೀರಿನ ಮ್ಯಾಲೆ ಬೀಳದಂಗ ಕೂಡಬೇಕು. ಗೆಂಡೆ ಮೀನು ಭಾಳ ಅನುಮಾನದ್ದು. ಮೊದಲು ಬಂದು ಮೂಸ್ತೈತೆ, ದಾರಕ್ಕೆ ಕಟ್ಟಿದ ತೇಲೋ ಬೆಂಡು ಸ್ವಲ್ಪ ನಡುಗ್ತೈತೆ. ಆಗ ಜಗ್ಗಬಾರ್ದು. ಇನ್ನೊಂದು ಸಲ ಬಂದು ತುಟಿ ಹಚ್ತೈತೆ. ಆಗೂ ಜಗ್ಗಬಾರ್ದು. ಬೆಂಡು ಓರೆಯಾಗಿ ಮುಳುಗಿ ಹೊಂಟ್ತು ಅನ್ನು, ಆಗ ಮಣಿಕಟ್ಟು ಇಷ್ಟೇ ಇಷ್ಟು ತಿರುವಬೇಕು. ಆತುರ ಬಿದ್ದವನಿಗೆ ಹೊಳಿ ಏನೂ ಕೊಡಲ್ಲವ್ವ."

ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕಂತೆ. ಒಣಕೈಲಿ ಹಿಡಿದರೆ ಅದರ ಮೈಮೇಲಿನ ಜಿಗಿ ಹೋಗಿ, ಬಿಟ್ಟರೂ ಬದುಕುವುದಿಲ್ಲವಂತೆ. ವಾಪಸ್ ಬಿಡುವಾಗ ಎಸೆಯಬಾರದು, ಹರಿವಿಗೆ ಮುಖ ಮಾಡಿ ನೀರಲ್ಲಿ ಹಿಡಿದುಕೊಂಡಿರಬೇಕು, ಅದಾಗಿ ಕೈಬಿಟ್ಟು ಹೋಗುವತನಕ. ಈ ಮನುಷ್ಯ ಮನೆಯಲ್ಲಿ ಯಾರನ್ನಾದರೂ ಇಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದಾರೆಯೇ ಅಂತ ನಾನು ಹಿಟ್ಟು ನಾದುತ್ತಾ ಯೋಚಿಸುತ್ತಿದ್ದೆ. ಹೊರಗೆ ಹೇಳಲಿಲ್ಲ ಬಿಡಿ.

ಕಟ್ಟಿದ ಉಂಡೆಗಳನ್ನು ಬಚ್ಚಿಡಲು ನನ್ನದು ಅಂತ ಇದ್ದದ್ದು ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳು ಮಾತ್ರ. ಕೊಟ್ಟ ಪಾತ್ರೆಗಳ ಮೇಲೆಲ್ಲ ತವರಿನವರ ಹೆಸರು ಕೊರೆಸುವುದು ನಮ್ಮ ಕಡೆ ರೂಢಿ. ಅವ್ವನ ಹೆಸರಿದ್ದ ಡಬ್ಬಿಯೊಂದನ್ನು ತೆಗೆದುಕೊಂಡು, ಉಂಡೆ ತುಂಬಿ, ಜೋಳದ ಹಿಟ್ಟಿನ ಡಬ್ಬದ ಹಿಂದೆ ಇಡುತ್ತಿದ್ದೆ.

ಅವ್ವನ ವಿಷಯ ಹೇಳಬೇಕು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋದ. ಹರಿಹರದಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಅವ್ವ ನನ್ನನ್ನು ಸಾಕಿದಳು. ನನ್ನನ್ನು ಈ ದೊಡ್ಡ ಮನೆಗೆ ಕೊಟ್ಟಾಗ ಅವಳ ಬಳಿ ಇದ್ದದ್ದು ಕೈಗುಣ ಒಂದೇ. ಅವಳ ಉಂಡಿ, ಅವಳ ಚಟ್ನಿಪುಡಿ ಅಂದರೆ ನಮ್ಮ ಓಣಿಯೇ ಬಾಯಿ ಚಪ್ಪರಿಸುತ್ತಿತ್ತು. ಬೀಗರ ಮನೆಯಲ್ಲಿ ತಲೆಯೆತ್ತಿ ಕೂತುಕೊಳ್ಳಲು ಅವಳಿಗಿದ್ದ ಆಸರೆ ಅದೊಂದೇ, ಅದು ನನಗೂ ಗೊತ್ತಿತ್ತು.

ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಉಂಡಿ ಹೊತ್ತು ಬರುತ್ತಾರೆ. ನನಗೆ ಅಣ್ಣನೂ ಇಲ್ಲ ತಮ್ಮನೂ ಇಲ್ಲ. ಆ ವರ್ಷದ ಶ್ರಾವಣದಲ್ಲಿ ಅವ್ವನೇ ಬಸ್ಸು ಹತ್ತಿ ಬಂದಳು. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ, ಅದರ ಮೇಲೂ ಅವಳದೇ ಹೆಸರು. ಅದನ್ನು ನಾನು ದೇವರ ಮನೆಯಲ್ಲಿ ಇಟ್ಟೆ, ಮೊದಲು ನೈವೇದ್ಯ ಆಗಲಿ ಅಂತ. ಅವತ್ತು ಸಂಜೆ ವಚನ ಹಾಡುವ ಗೆಳತಿಯರು ಅತ್ತೆಯ ಬಳಿ ಬಂದು ಕೂತಿದ್ದರು, ಅವ್ವನೂ ಜೊತೆಗಿದ್ದಳು. ಅತ್ತೆ ಕೆಟ್ಟವರಲ್ಲ, ಆ ಮಾತು ಹೇಳಲೇಬೇಕು. ಬೀಗಿತ್ತಿಯ ಕೈರುಚಿ ಎಲ್ಲರಿಗೂ ತೋರಿಸಬೇಕು ಅನ್ನುವ ಹುರುಪಿನಲ್ಲೇ, ನಾನು ಹಿತ್ತಿಲಲ್ಲಿ ಲೋಟ ತೊಳೆಯುವಾಗ, ಅಡುಗೆಮನೆಗೆ ಹೋಗಿ ಹುಡುಕಿದರು. ಹಿಟ್ಟಿನ ಡಬ್ಬದ ಹಿಂದೆ ಅವ್ವನ ಹೆಸರಿನ ಡಬ್ಬಿ ಸಿಕ್ಕಿತು, ಒಳಗೆ ಹಿಂದಿನ ಭಾನುವಾರ ಉಳಿದ ಉಂಡೆಗಳು.

ನಾನು ಚಹಾದ ತಟ್ಟೆ ಹಿಡಿದು ಹಾಲ್‌ಗೆ ಬರುವ ಹೊತ್ತಿಗೆ ಎಲ್ಲರ ಕೈಯಲ್ಲೂ ಒಂದೊಂದು ಉಂಡಿ. ಅಯ್ಯೋ ಶಿವನೇ! ಅವರಲ್ಲಿ ಹಿರಿಯಾಕೆ ಒಂದು ತುಂಡು ಕಚ್ಚಿದರು, ಅಗಿದರು, ಅಗಿಯುವುದನ್ನು ನಿಲ್ಲಿಸಿದರು.

"ಇದೇನ್ರೀ ಇದು, ಇಂಗು ಹೊಡಿತೈತಲ್ಲ?"

"ಇಂಗಲ್ಲ, ಹಿಂಡಿ," ಅಂದರು ಇನ್ನೊಬ್ಬರು. ಅವರ ಮನೆಯಲ್ಲಿ ಎಮ್ಮೆ ಇತ್ತು, ಆ ವಾಸನೆ ಅವರಿಗೆ ಗೊತ್ತು. "ಶೇಂಗಾ ತುಟ್ಟಿ ಆಗೈತೆ ಖರೆ. ಆದ್ರೂ ದನದ ಹಿಂಡಿ ಹಾಕಿ ಪಂಚಮಿ ಉಂಡಿ ಕಟ್ಟೋದಾ?"

ಅವ್ವನ ಉಂಡಿ ಇದಲ್ಲ ಅಂತ ತೋರಿಸಬೇಕು, ನನ್ನ ತಲೆಗೆ ಬಂದದ್ದು ಅಷ್ಟೇ. ದೇವರ ಮನೆಗೆ ಓಡಿ ಆ ಡಬ್ಬಿ ತಂದು ಮುಂದಿಟ್ಟೆ. ಅತ್ತೆ ಅದರಲ್ಲೊಂದು ಮುರಿದು ಬಾಯಿಗೆ ಹಾಕಿಕೊಂಡರು. ಅವರ ಮುಖ ಬದಲಾಯಿತು.

"ಒಳ್ಳೇವು ಬೇರೆ ಅದಾವಂತಾಯ್ತು," ಅಂದರು ಅವ್ವನ ಕಡೆ ತಿರುಗಿ. "ಮಗಳಿಗೆ ಒಂದು ನಮೂನಿ, ಬೀಗರಿಗೆ ಒಂದು ನಮೂನಿ. ಇರ್ಲಿ ಬಿಡ್ರಿ."

ಅಲ್ಲೇ ಮೂಲೆಯ ಕುರ್ಚಿಯಲ್ಲಿ ಮಾವ ಪೇಪರ್ ಓದುತ್ತಿದ್ದರು. ನಾನು ಅವರನ್ನೇ ನೋಡಿದೆ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು! ಪೇಪರ್ ಸ್ವಲ್ಪ ನಡುಗಿತು, ಕೆಳಗಿಳಿಯಲಿಲ್ಲ. ಸಿಟ್ಟಿಗೆ ಚಹಾದ ತಟ್ಟೆ ಎತ್ತಿ ಅವರ ಮೇಲೆ ಎಸೆಯಬೇಕು ಅನ್ನಿಸಿತು. ಆದರೆ ನನ್ನ ಬಾಯಿಯೂ ತೆರೆಯಲಿಲ್ಲವಲ್ಲ. ಕೊಟ್ಟ ಮಾತು, ಹಿರಿಯರ ಮರ್ಯಾದೆ ಅಂತೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ.

ಅವ್ವ ಆ ಉಂಡಿಯೊಂದನ್ನು ಎತ್ತಿ ಮೂಸಿದಳು. ತನ್ನದಲ್ಲ ಅಂತ ಅವಳಿಗೆ ಗೊತ್ತಾಗಿರಲೇಬೇಕು. ನನ್ನ ಮುಖ ನೋಡಿದಳು. ಆಮೇಲೆ ಅತ್ತೆಗೆ ಕೈ ಮುಗಿದಳು.

"ತಪ್ಪಾತ್ರಿ ಬೀಗ್ರೆ. ಶೇಂಗಾ ಸಾಲಲಿಲ್ಲ. ಹಿಂಡಿ ಬೆರೆಸಿಬಿಟ್ಟೆ," ಅಂದಳು.

ಗೆಳತಿಯರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅವ್ವ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬಾವಿಯ ಪಕ್ಕದಲ್ಲಿ ನನ್ನ ಎರಡೂ ತೋಳು ಹಿಡಿದುಕೊಂಡಳು.

"ಖರೆ ಹೇಳವ್ವ. ಹೊಟ್ಟಿಗೆ ಹಾಕಲ್ಲೇನು ಇವರು ನಿನಗ? ದನದ ಹಿಂಡಿ ಉಂಡಿ ಕಟ್ಟಿ, ಬಚ್ಚಿಟ್ಟು ತಿಂತೀಯೇನು?"

ನನಗೆ ಮೊದಲು ನಗು ಬಂತು, ಆಮೇಲೆ ಅಳು. ಗೋಧಿ ಚೀಲ, ಬೆಲ್ಲದ ಪೆಂಟೆ, ತುಪ್ಪದ ಡಬ್ಬ ತುಂಬಿದ ಮನೆಯಲ್ಲಿ ನಾನು ಕದ್ದು ಹಿಂಡಿ ತಿನ್ನುತ್ತಿದ್ದೇನೆ ಅಂತ ನನ್ನನ್ನು ಹೆತ್ತವಳು ನಂಬಿಬಿಟ್ಟಿದ್ದಳು. ಇನ್ನು ತಡೆಯಲಾಗದೆ ಹೇಳಿಬಿಟ್ಟೆ, ಅದು ಮೀನಿಗೆ, ಮಾವ ಹರಿಹರದ ಹೊಳೆಯಲ್ಲಿ ಗಾಳ ಹಾಕುತ್ತಾರೆ ಅಂತ. ಅವ್ವ ನನ್ನ ಬಾಯಿ ಮುಚ್ಚಿದಳು.

"ಬಾಯಿ ತೊಳಕೋ ಹೋಗು! ಅಂಥ ಲಿಂಗವಂತ ಮನಿಷ್ಯಾಗ ಅಂಥ ಮಾತು ಅಂತೀಯಾ? ಹಸಿವು ಮುಚ್ಚಿಡಾಕ ಇಷ್ಟು ಸುಳ್ಳು ಹೇಳಬ್ಯಾಡ ನನ್ನ ಮುಂದ."

ಮಾರನೆಯ ದಿನ ಹರಿಹರಕ್ಕೆ ಹೋದೆವು. ಅವ್ವ ನನ್ನನ್ನು ಜೋಕಾಲಿ ಆಡಲು ಬಿಡಲಿಲ್ಲ, ಓಣಿಯ ಗೆಳತಿಯರ ಜೊತೆ ಕೂರಲು ಬಿಡಲಿಲ್ಲ, ಬರೀ ಉಣ್ಣಿಸಿದಳು. ರೊಟ್ಟಿಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಟ್ನಿ, ಸಾಕು ಅಂದರೆ ಕಣ್ಣಲ್ಲಿ ನೀರು. ಬಡತನದ ಹೆಸರು ಹೊತ್ತವಳು ಅವಳು, ಉಣ್ಣುತ್ತಾ ಕೂತವಳು ನಾನು. ಅಷ್ಟು ನಾಚಿಕೆ ಜೀವನದಲ್ಲಿ ಮತ್ತೆ ಯಾವತ್ತೂ ಪಟ್ಟಿಲ್ಲ.

ಭಾನುವಾರ ಬಂತು. ಹೊತ್ತು ಏರುವ ಮುಂಚೆಯೇ ನಮ್ಮ ಓಣಿಯಲ್ಲಿ ಸ್ಕೂಟರ್ ಸದ್ದಾಯಿತು. ನೋಡಿದರೆ ಮಾವ! ಮದುವೆಯ ಮಾತುಕತೆಗೆ ಹತ್ತು ಜನರ ಜೊತೆ ಬಂದದ್ದು ಬಿಟ್ಟರೆ ಆ ಹೊಸ್ತಿಲು ತುಳಿದವರಲ್ಲ. ಪಂಚೆಯ ಅಂಚು ಒದ್ದೆಯಾಗಿತ್ತು, ಹೆಗಲಲ್ಲಿ ಕೊಡೆಯ ಚೀಲ, ಕೈಯಲ್ಲಿ ಅವ್ವನ ಹೆಸರಿನ ಅದೇ ಡಬ್ಬಿ. ಅವ್ವ ಗಾಬರಿಯಾಗಿ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿ ನೀರು ತಂದಿಟ್ಟಳು.

ಮಾವ ಕೂತರು. ನೀರು ಮುಟ್ಟಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಅವ್ವನ ಮುಂದೆ ಸರಿಸಿದರು. ಒಳಗೆ ಸೊಟ್ಟಸೊಟ್ಟ ಉಂಡೆಗಳಿದ್ದವು, ನಾನಿಲ್ಲದೆ ಅವರೇ ನಾದಿದವು.

"ಬೀಗ್ರೆ, ಇದನ್ನ…" ಅಂದರು. ಕೆಮ್ಮಿದರು. ನೆಲ ನೋಡಿದರು.

ಬೀಗರು ಕೈಯಾರೆ ತಂದದ್ದನ್ನು ಅವ್ವ ಬಿಡುವವಳೇ? ಒಂದು ಉಂಡೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಇಂಗು, ಹಿಂಡಿ, ಎಲ್ಲ ಅವಳಿಗೆ ಗೊತ್ತಾಯಿತು, ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಕೂಡ ಅಲುಗಿಸಲಿಲ್ಲ. ನಿಧಾನವಾಗಿ ಅಗಿದಳು.

"ಚೊಲೋ ಆಗ್ಯಾವ್ರಿ," ಅಂದಳು.

"ಉಗುಳ್ರಿ!" ಮಾವ ಕೂಗಿಬಿಟ್ಟರು. "ಉಗುಳ್ರಿ ತಾಯಿ, ಅದು ಮೀನಿಗೆ ಮಾಡಿದ್ದು. ಅವತ್ತಿಂದೂ ನಂದೇ. ನಿಮ್ಮ ಮಗಳ ಕೈಲಿ ನಾನೇ ಮಾಡಿಸಿದ್ದು. ಪೇಪರ್ ಹಿಂದೆ ಮಖ ಮುಚ್ಕೊಂಡು ಕುಂತಿದ್ದೆ, ಎಲ್ಲಾ ಕೇಳ್ತಿದ್ದೆ. ಮನೆಯಾಕಿಗೆ ಹೇಳೀನಿ, ಅವತ್ತಿಂದ ನನ್ನ ಕೂಡ ಮಾತಿಲ್ಲ. ಆಕಿ ಗೆಳತ್ಯಾರಿಗೂ ಹೇಳ್ತೀನಿ. ಮೊದಲು ನಿಮಗೆ ಹೇಳಾಕ ಬಂದೆ."

ಹೇಳಿ, ಚೀಲದಿಂದ ಗಾಳದ ಕೋಲು ಹೊರತೆಗೆದು ಚಾಪೆಯ ಮೇಲಿಟ್ಟರು. ಅವ್ವ ಉಗುಳಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿದಳು. ಕೋಲು ನೋಡಿದಳು, ಅದರ ಕೆಂಪು ಬೆಂಡು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಬರುತ್ತದೆ ಅಂತ ನಾನು ಕಾಯುತ್ತಿದ್ದೆ, ಬರಲಿ ಅಂತಲೂ ಅಂದುಕೊಂಡೆ.

"ಹಂಗಾರೆ," ಅಂದಳು ಅವ್ವ, "ಹಂಗಾರೆ ನನ ಮಗಳು ನಿಮ್ಮನ್ಯಾಗ ಹೊಟ್ಟಿತುಂಬ ಉಣ್ತಾಳೇನ್ರಿ?"

ಮಾವನಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಆಗ ಅರ್ಥವಾಯಿತು, ಬೀಗಿತ್ತಿ ಇಷ್ಟು ದಿನ ಏನು ನಂಬಿಕೊಂಡಿದ್ದಳು, ಏನನ್ನು ಮುಚ್ಚಲು ಆ ಹೆಂಗಸರ ಮುಂದೆ ಕೈ ಮುಗಿದಳು ಅಂತ. ಅವರು ಡಬ್ಬಿಗೆ ಕೈ ಹಾಕಿ ಒಂದು ಉಂಡೆ ಎತ್ತಿಕೊಂಡು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಾ ಅಗಿಯುತ್ತಾ ಕಣ್ಣಲ್ಲಿ ನೀರಿಳಿಯಿತು.

"ಉಣ್ತಾಳ್ರಿ," ಅಂದರು, ಬಾಯಿತುಂಬ ಹಿಂಡಿ.

ಅವ್ವ ತಂಬಿಗೆಯನ್ನು ಅವರ ಹತ್ತಿರಕ್ಕೆ ಸರಿಸಿ, ರೊಟ್ಟಿ ಬಡಿಯಲು ಒಳಗೆ ಎದ್ದು ಹೋದಳು.